ಮಾರ್ಚ್ ತಿಂಗಳ ಬೀವರ್ ತೊಗಲು: ಹದ ಮೀರಿದ್ದೋ, ಕೈತಪ್ಪೋ?

ಪ್ರಶ್ನೆ: ಹಿಮಹಾದಿ

ಕೆನಡಾದ ಉತ್ತರ ಒಂಟಾರಿಯೊದ ಕಾಕ್ರೇನ್ ಕಡೆ ಬೋನು ಹೂಡಲು ಗೊತ್ತುಮಾಡಿದ ಪ್ರದೇಶ, ಅಂದರೆ ನೋಂದಾಯಿತ ಟ್ರ್ಯಾಪ್‌ಲೈನ್. ಸಹಾಯಕ ಪರವಾನಗಿ ಇದೆ, 40 ಗಂಟೆಯ ಕೋರ್ಸ್ ಮುಗಿದಿದೆ. ಈ ವರ್ಷದ ಕೋಟಾದಲ್ಲಿ ಇನ್ನೂ 6 ಬೀವರ್ (ನೀರಿನಲ್ಲಿ ಬಾಳುವ, ತೊಗಟೆ ತಿನ್ನುವ ದಂಶಕ) ಬಾಕಿ. ಮಾರ್ಚ್ ಎರಡನೇ ವಾರ ಮಂಜುಗಡ್ಡೆಯ ಕೆಳಗಿನಿಂದ ತೆಗೆದ 4 ತೊಗಲು ಹಲಗೆಯ ಮೇಲಿವೆ. ನಾಲ್ಕರಲ್ಲೂ ಒಂದೊಂದು ಕೊರತೆ.

ಮೊದಲನೆಯದರ ಒಳಮೈ ಕೆನೆಬಣ್ಣ, ಆದರೆ ಸೊಂಟದ ಹತ್ತಿರ ಎರಡು ರೂಪಾಯಿ ನಾಣ್ಯದಷ್ಟು ನೀಲಿ ಮಚ್ಚೆ. ಎರಡನೆಯದರ ಎಡಮಗ್ಗುಲಲ್ಲಿ ಅಂಗೈಯಗಲ ಮೇಲ್ಗೂದಲೇ ಇಲ್ಲ, ಒಳತುಪ್ಪಳ ಹಾಗೇ ಇದೆ. ಮೂರನೆಯದರ ಹೊಟ್ಟೆಯ ಕೂದಲು ಹಿಡಿದರೆ ಕೈಗೇ ಬರುತ್ತದೆ. ನಾಲ್ಕನೆಯದು ಉದ್ದ ಅಗಲ ಕೂಡಿಸಿದ ಅಳತೆಯಲ್ಲಿ 62 ಇಂಚು, ಪ್ರಾಣಿಯ ತೂಕ ಮಾತ್ರ 16 ಕಿಲೋ. ಊದಿದರೆ ತುಪ್ಪಳ ತೆಳುವಾಗಿ ಚರ್ಮ ಕಾಣುತ್ತದೆ.

ಹದದ ಕಾಲ, ಅಂದರೆ ತುಪ್ಪಳ ಪೂರ್ತಿ ಬೆಳೆದು ದಟ್ಟವಾಗಿರುವ ಕಾಲ, ಮುಗಿಯಿತು ಅಂತ ಬೋನು ಎತ್ತಬೇಕೇ, ಉಳಿದ 6ಕ್ಕೆ ಏಪ್ರಿಲ್‌ವರೆಗೆ ಕಾಯಬಹುದೇ? ಜೊತೆಗೆ, ಮರಿಗಳೂ ನೀರುನಾಯಿಗಳೂ ಬೋನಿಗೆ ಬೀಳದ ಹಾಗೆ ಹೇಗೆ ಹೂಡಬೇಕು?

ಉತ್ತರ 1: ತೊಗಲುಹಲಗೆ

ನೀವು ಬರೆದ ನಾಲ್ಕರಲ್ಲಿ ಮೂರು ಕೊರತೆಗಳು ಪ್ರಾಣಿಯವಲ್ಲ, ಕಾಲದವೂ ಅಲ್ಲ. ನೀರಿನಿಂದ ಎತ್ತಿದ ಮೇಲೆ ಆದವು. ಮಾರ್ಚ್ ಮಧ್ಯ ಅಂದರೆ ಆ ಸೀಮೆಯಲ್ಲಿ ಬೀವರ್ ತುಪ್ಪಳ ಇನ್ನೂ ಹದದಲ್ಲೇ ಇರುತ್ತದೆ. ನೀರಿನ ಪ್ರಾಣಿಗಳು ನೆಲದ ಪ್ರಾಣಿಗಳಿಗಿಂತ ತಡವಾಗಿ ಹದಕ್ಕೆ ಬರುತ್ತವೆ, ತಡವಾಗಿ ಹದ ಕಳೆದುಕೊಳ್ಳುತ್ತವೆ. ನರಿಯ ತುಪ್ಪಳ ಕೆಡುವ ಹೊತ್ತಿನಲ್ಲಿ ಬೀವರ್ ತುಪ್ಪಳ ಚೆನ್ನಾಗಿರುವುದು ಅದಕ್ಕೇ.

ಹದವನ್ನು ಕೂದಲಲ್ಲಿ ನೋಡುವುದಕ್ಕಿಂತ ಮೊದಲು ತೊಗಲಿನ ಒಳಮೈಯಲ್ಲಿ ನೋಡಿ. ಕೂದಲು ಬೆಳೆಯುತ್ತಿರುವಾಗ ಬೇರಿನಲ್ಲಿ ಬಣ್ಣದ ಕಣ ತುಂಬಿರುತ್ತದೆ, ಒಳಮೈ ನೀಲಿಗಪ್ಪಾಗಿ ಕಾಣುತ್ತದೆ. ಬೆಳವಣಿಗೆ ಮುಗಿದಾಗ ಆ ಬಣ್ಣವೆಲ್ಲ ಕೂದಲಿಗೆ ಏರಿ, ಚರ್ಮ ಕೆನೆಬಿಳಿಯಾಗುತ್ತದೆ. ನವೆಂಬರಿನ ತೊಗಲು ಇಡಿಯಾಗಿ ನೀಲಿ ಇದ್ದರೆ ಅದು ಹದವಾಗಿಲ್ಲ ಎಂದರ್ಥ.

ಮಾರ್ಚಿನಲ್ಲಿ ಕೆನೆಬಿಳಿಯ ನಡುವೆ ಒಂದೇ ಒಂದು ನೀಲಿ ಮಚ್ಚೆ ಇದ್ದರೆ ಮಾತು ಬೇರೆ. ಅಲ್ಲಿ ಹಳೆಯ ಕಡಿತ ಮಾಯುತ್ತಿದೆ, ಹೊಸ ಕೂದಲು ಹುಟ್ಟುತ್ತಿದೆ. ಬೆರಳ ತುದಿಯಿಂದ ಸವರಿದರೆ ದಾರದಷ್ಟು ಗಟ್ಟಿ ಗೆರೆ ಸಿಗುತ್ತದೆ, ಅದೇ ಗಾಯದ ಕಲೆ. ಬೀವರ್‌ಗಳು ಒಂದನ್ನೊಂದು ಕಚ್ಚುವುದು ಹೆಚ್ಚಾಗಿ ಸೊಂಟ, ಬಾಲದ ಬುಡದಲ್ಲಿ. ನಿಮ್ಮ ಮೊದಲನೆಯ ತೊಗಲು ಇದು. ಪ್ರಾಣಿಯಿಂದಲೇ ಬಂದ ಕೊರತೆ ಇದೊಂದೇ.

ಎರಡನೆಯದಕ್ಕೆ ಭೂತಗನ್ನಡಿ ಹಿಡಿದು ನೋಡಿ. ಬೀವರ್ ತನ್ನ ಗೂಡಿನ ಕಿರಿದಾದ ಬಾಯಲ್ಲಿ ಹೋಗಿ ಬಂದು ಉಜ್ಜಿದ್ದಾದರೆ ಮೇಲ್ಗೂದಲು ಮುರಿದಿರುತ್ತದೆ, ಮೋಟು ಉಳಿದಿರುತ್ತದೆ. ಸೊಂಟದ ಎರಡೂ ಬದಿಯಲ್ಲಿ ಹೆಚ್ಚುಕಡಿಮೆ ಒಂದೇ ಥರ, ಅಂಚು ನಿಧಾನವಾಗಿ ಮಸುಕಾಗುತ್ತ ಹೋಗುತ್ತದೆ. ಮೋಟೇ ಇಲ್ಲದೆ ಬೇರುಸಹಿತ ಹೋಗಿದ್ದರೆ, ಒಂದೇ ಮಗ್ಗುಲಲ್ಲಿದ್ದರೆ, ಅಂಚು ಗೆರೆ ಎಳೆದಂತಿದ್ದರೆ, ಅದು ಮಂಜುಗಡ್ಡೆಗೆ ಅಂಟಿದ್ದು. ಒದ್ದೆ ಪ್ರಾಣಿಯನ್ನು ಬರಿಯ ಮಂಜುಗಡ್ಡೆಯ ಮೇಲೋ ಸ್ಲೆಡ್ಡಿನ ಲೋಹದ ತಳದ ಮೇಲೋ ಮಲಗಿಸಿದರೆ, ಮೈನಸ್ 15ರಲ್ಲಿ ಕೆಲವೇ ನಿಮಿಷದಲ್ಲಿ ಹೊರಗೂದಲು ಹೆಪ್ಪುಗಟ್ಟಿ ಕಚ್ಚಿಕೊಳ್ಳುತ್ತದೆ. ಎತ್ತಿದಾಗ ಪ್ರಾಣಿ ಬರುತ್ತದೆ, ಕೂದಲು ಅಲ್ಲೇ ಉಳಿಯುತ್ತದೆ. ಹಾಗೆ ಕಚ್ಚಿಕೊಂಡಿದ್ದರೆ ಎಳೆಯಬೇಡಿ, ಸುತ್ತ ನೀರು ಸುರಿದು ಬಿಡಿಸಿ.

ನೀರಿನಿಂದ ಎತ್ತಿದ ಕೂಡಲೇ ಕೂದಲು ಹೋಗುವ ದಿಕ್ಕಿನಲ್ಲೇ ಕೈಯಿಂದ ನೀರು ಹಿಂಡಿ, ಪುಡಿಹಿಮದಲ್ಲಿ ಎರಡು ಮೂರು ಸಲ ಹೊರಳಿಸಿ. ಒಣ ಹಿಮ ನೀರನ್ನು ಹೀರಿಕೊಳ್ಳುತ್ತದೆ. ಕೊಡವಿದರೆ ಹಿಮದ ಪುಡಿಯೊಂದಿಗೆ ತೇವವೂ ಉದುರುತ್ತದೆ. ಆಮೇಲೆ ಸ್ಪ್ರೂಸ್ ಕೊಂಬೆ ಹಾಸಿ, ಬೆನ್ನು ಕೆಳಗೆ ಹೊಟ್ಟೆ ಮೇಲೆ ಮಾಡಿ ಮಲಗಿಸಿ. ಹೊಟ್ಟೆ ಮೇಲೆ ಯಾಕೆ ಅನ್ನುವುದಕ್ಕೆ ನಿಮ್ಮ ಮೂರನೆಯ ತೊಗಲೇ ಉತ್ತರ. ಬೀವರ್ ತುಪ್ಪಳ ಸತ್ತ ಮೇಲೂ ಕಂಬಳಿಯ ಕೆಲಸ ಬಿಡುವುದಿಲ್ಲ. ಕರುಳಿನ ಬಿಸಿ ಒಳಗೇ ಕೂತು, ಚರ್ಮ ತೆಳುವಾಗಿರುವ ಹೊಟ್ಟೆಯ ಕಡೆ ಮೊದಲು ಕೊಳೆತ ಶುರುವಾಗುತ್ತದೆ. ಬೆಚ್ಚಗಿನ ಗ್ಯಾರೇಜಿನಲ್ಲಿ ಒಂದರ ಮೇಲೊಂದು ರಾಶಿ ಹಾಕಿದರೆ ಒಂದೇ ರಾತ್ರಿ ಸಾಕು.

ಆದರೂ ಮೂರನೆಯದನ್ನು ಕೊಳೆತದ್ದು ಎಂದು ತೀರ್ಮಾನಿಸುವ ಮೊದಲು ಕಿತ್ತುಬಂದ ಕೂದಲನ್ನು ನೋಡಿ. ಬುಡದಲ್ಲಿ ಚರ್ಮದ ತೆಳು ಪೊರೆ ಅಂಟಿಕೊಂಡು ಬಂದಿದ್ದರೆ, ಮುಗ್ಗಲು ವಾಸನೆ ಇದ್ದರೆ ಕೊಳೆತ. ಪೊರೆ ಇಲ್ಲದೆ, ಒಳಮೈಯಲ್ಲಿ ಸಣ್ಣ ಕಪ್ಪು ಚುಕ್ಕೆಗಳು ಕಂಡರೆ ಒಳಮೈಯ ಕೊಬ್ಬು, ಮಾಂಸ ಹೆರೆಯುವಾಗ ಕತ್ತಿ ಆಳಕ್ಕೆ ಹೋಗಿ ಕೂದಲ ಬೇರನ್ನೇ ಕತ್ತರಿಸಿದೆ. ಬೆನ್ನಿನ ತೊಗಲಿಗೆ ಒತ್ತಿದ ಬಲವನ್ನೇ ಹೊಟ್ಟೆಗೂ ಒತ್ತಿದರೆ ಹೀಗಾಗುತ್ತದೆ.

ನಾಲ್ಕನೆಯದು ಬರೀ ಎಳೆತ. 16 ಕಿಲೋ ಪ್ರಾಣಿಯ ತೊಗಲು ಸಹಜವಾಗಿ 55 ಇಂಚಿನ ಆಸುಪಾಸು. ಅದನ್ನು 62ಕ್ಕೆ ಎಳೆದರೆ ಕೂದಲ ಸಂಖ್ಯೆ ಹೆಚ್ಚುವುದಿಲ್ಲ, ಇದ್ದದ್ದೇ ಹೆಚ್ಚು ಜಾಗಕ್ಕೆ ಹರಡುತ್ತದೆ. ಗಾತ್ರದಲ್ಲಿ ಒಂದು ಮೆಟ್ಟಿಲು ಹತ್ತಿ ಗುಣದಲ್ಲಿ ಎರಡು ಮೆಟ್ಟಿಲು ಇಳಿದ ಹಾಗೆ.

ಉತ್ತರ 2: ಕೆರೆಯಂಚು

ಹೂಡುವ ಬಗ್ಗೆ ಹೇಳುತ್ತೇನೆ. ಮೊದಲು ಹೆಸರಿನ ವಿಷಯ, ಪ್ರಶ್ನೆ ಕೇಳಿದವರು ಸರಿಯಾಗಿಯೇ ಬರೆದಿದ್ದಾರೆ. ಕನ್ನಡದಲ್ಲಿ ಎಷ್ಟೋ ಕಡೆ ಬೀವರನ್ನೇ ನೀರುನಾಯಿ ಎಂದು ಬರೆದುಬಿಡುತ್ತಾರೆ. ನೀರುನಾಯಿ ಮೀನು ತಿನ್ನುವ ಆಟರ್. ಅದಕ್ಕೆಂದೇ ತುಂಗಭದ್ರೆಯ ಒಂದು ಭಾಗವನ್ನು 2015ರಲ್ಲಿ ಮೀಸಲು ಪ್ರದೇಶ ಮಾಡಲಾಗಿದೆ. ಬೀವರ್ ತೊಗಟೆ ತಿನ್ನುವ ದಂಶಕ, ನಮ್ಮ ನಾಡಿನಲ್ಲಿ ಇಲ್ಲವೇ ಇಲ್ಲ. ಊರಿನಿಂದ ಓದುತ್ತಿರುವವರು ಇನ್ನೊಂದು ತಿಳಿದಿರಲಿ: ಇಲ್ಲಿ ಬರೆಯುವುದೆಲ್ಲ ಕೆನಡಾದ ಪರವಾನಗಿ, ಕೋಟಾಗಳ ಒಳಗಿನ ಮಾತು. ಭಾರತದಲ್ಲಿ ಕಾಡುಪ್ರಾಣಿಗೆ ಬೋನು, ಉರುಳು ಒಡ್ಡುವುದು 1972ರ ಕಾಯ್ದೆಯಡಿ ಅಪರಾಧ.

ಒಂದು ಗೂಡೆಂದರೆ ಒಂದು ಸಂಸಾರ. ಹಿರಿಯ ಜೋಡಿ, ಕಳೆದ ವರ್ಷದ ಮರಿಗಳು, ಈ ವರ್ಷದ ಮರಿಗಳು. ಒಟ್ಟು 4ರಿಂದ 8. ಒಂದು ಗೂಡಿನಿಂದ ಒಂದು, ಹೆಚ್ಚೆಂದರೆ ಎರಡು ತೆಗೆದು ಬೋನು ಎತ್ತಿಬಿಡಿ. ನಿಮ್ಮ ಬಾಕಿ 6 ಅನ್ನು ಕನಿಷ್ಠ 4 ಗೂಡುಗಳಿಗೆ ಹಂಚಿ. ಅಷ್ಟು ಜೀವಂತ ಗೂಡು ಸಿಗದಿದ್ದರೆ ಕೋಟಾ ಉಳಿದರೂ ಪರವಾಗಿಲ್ಲ. 1930ರ ದಶಕದ ಹೊತ್ತಿಗೆ ಈ ಸೀಮೆಯ ಎಷ್ಟೋ ಕೆರೆಗಳಲ್ಲಿ ಬೀವರ್ ಹೆಸರಿಗೂ ಉಳಿದಿರಲಿಲ್ಲ. ನೋಂದಾಯಿತ ಲೈನ್, ಕೋಟಾ ಎಲ್ಲ ಬಂದದ್ದು ಆ ಪಾಠದಿಂದ.

ಮರಿಗಳನ್ನು ಬಿಟ್ಟು ದೊಡ್ಡವನ್ನು ಹಿಡಿಯಲು ಜಾಗವೇ ಮುಖ್ಯ. ಚಳಿಗಾಲದ ಮರಿ 9 ಕಿಲೋ ಒಳಗೇ ಇರುತ್ತದೆ, ಗೂಡು ಮತ್ತು ನೀರಿನಡಿ ಕೂಡಿಟ್ಟ ಮೇವಿನ ಬಣವೆಯ ನಡುವೆಯೇ ಓಡಾಡಿಕೊಂಡಿರುತ್ತದೆ. ದೂರ ಹೋಗುವುದು ಹಿರಿಯವು. ಆದ್ದರಿಂದ ಗೂಡಿನ ಬಾಯಲ್ಲಿ ಬೇಡ, ಬಣವೆಯ ಪಕ್ಕವೂ ಬೇಡ. ಅಲ್ಲಿಂದ 10–15 ಮೀಟರ್ ಆಚೆ, ದಡದ ಉದ್ದಕ್ಕೆ ಅವು ಈಜುವ ದಾರಿಯಲ್ಲಿ ಹೂಡಿ. ಮಂಜುಗಡ್ಡೆ ತಿಳಿಯಾಗಿದ್ದರೆ ಕೆಳಗೆ ಬಿಳಿ ಗುಳ್ಳೆಗಳ ಸಾಲು ಕಾಣುತ್ತದೆ, ಅದೇ ದಾರಿ. ಹಿಮ ಮುಚ್ಚಿದ್ದರೆ ಹಾರೆಯಿಂದ ತಟ್ಟುತ್ತ ಹೋಗಿ. ದಾರಿಯ ಮೇಲೆ ಮಂಜುಗಡ್ಡೆ ತೆಳುವಾಗಿ, ಪೊಳ್ಳು ಸದ್ದು ಬರುತ್ತದೆ.

ಆ ಪೊಳ್ಳು ಸದ್ದು ನಿಮ್ಮ ಜೀವಕ್ಕೂ ಎಚ್ಚರಿಕೆ. ನಡೆಯಲು 15 ಸೆಂಟಿಮೀಟರ್ ತಿಳಿ ಮಂಜುಗಡ್ಡೆ ಬೇಕು. ಬೆಳ್ಳಗೆ ಹಿಮ ಬೆರೆತದ್ದಾದರೆ ಅದರ ಬಲ ಅರ್ಧ. ಗೂಡಿನ ಸುತ್ತ ಮತ್ತು ಬೀವರ್ ಕಟ್ಟಿದ ಒಡ್ಡಿನ ಮೇಲುಗಡೆ ಮಾರ್ಚಿನಲ್ಲಿ ಯಾವ ಅಳತೆಯನ್ನೂ ನಂಬಬೇಡಿ, ಪ್ರತಿ ಎರಡು ಹೆಜ್ಜೆಗೂ ಹಾರೆಯಿಂದ ಕುಟ್ಟಿ ನೋಡಿ. ಕೊರಳಲ್ಲಿ ಐಸ್ ಮೊಳೆ (ನೀರಿಗೆ ಬಿದ್ದರೆ ಮಂಜುಗಡ್ಡೆಗೆ ಚುಚ್ಚಿ ಮೇಲೆ ಬರಲು), ಮೈಮೇಲೆ ತೇಲುವ ಕೋಟು ಇರಲಿ, ಜೊತೆಗೊಬ್ಬರು ಇರಲಿ.

ಇನ್ನು ಕಂಬ. ಒಣಗಿದ, ಸತ್ತ ಸ್ಪ್ರೂಸ್ ಕಂಬವನ್ನೇ ಆರಿಸಿ. ಹಸಿ ಕಂಬವಾದರೆ ಬೀವರ್ ಕಂಬವನ್ನೇ ಕಡಿದು ಬೋನಿನ ಸಮೇತ ಎಳೆದೊಯ್ಯುತ್ತದೆ. ತಳದ ಕೆಸರಿಗೆ ಭದ್ರವಾಗಿ ಊರಿ, ಮೇಲೆ ಅಡ್ಡಕಂಬಕ್ಕೆ ತಂತಿಯಲ್ಲಿ ಬಿಗಿಯಿರಿ. 330 ಗಾತ್ರದ ಬೋನು, ಅಂದರೆ 10 ಇಂಚು ಚೌಕದ ದವಡೆಗಳಿಂದ ಪ್ರಾಣಿಯ ಮೈ ಅದುಮಿ ಕೊಲ್ಲುವಂಥದ್ದು, ಮಂಜುಗಡ್ಡೆಯ ತಳದಿಂದ ಕನಿಷ್ಠ 30 ಸೆಂಟಿಮೀಟರ್ ಕೆಳಗಿರಲಿ. ಮೇಲೇ ಇದ್ದರೆ ಒಂದು ಚಳಿರಾತ್ರಿಗೆ ದವಡೆ ಹೆಪ್ಪುಗಟ್ಟಿ ಅರ್ಧಕ್ಕೇ ನಿಲ್ಲುತ್ತದೆ, ಪ್ರಾಣಿ ಬೇಗ ಸಾಯದೆ ನರಳುತ್ತದೆ. ಆಸ್ಪೆನ್ನಿನ ಹಸಿ ಕೊಂಬೆ, ಹೆಬ್ಬೆರಳಿನಿಂದ ಮುಂಗೈವರೆಗಿನ ಗಾತ್ರದ್ದು, ಮೊಳದುದ್ದದ ಮೂರು ನಾಲ್ಕು ತುಂಡು, ಬೋನಿನ ಮೇಲ್ಗಡೆ ಕಟ್ಟಿ. ಎರಡು ಕಡೆ ತೊಗಟೆ ಹೆರೆದರೆ ಒಳಗಿನ ಬಿಳಿ ಕತ್ತಲ ನೀರಿನಲ್ಲಿ ಕಾಣುತ್ತದೆ. ಈ ಹೊತ್ತಿಗೆ ಅವುಗಳ ಬಣವೆಯ ಮೇವೆಲ್ಲ ನೆನೆದು ಹಳಸಿರುತ್ತದೆ, ಹಸಿ ಆಸ್ಪೆನ್ ಸಿಕ್ಕರೆ ಬಿಡುವುದಿಲ್ಲ. ತೂತಿನ ಮೇಲೆ ಸ್ಪ್ರೂಸ್ ಸೊಪ್ಪು ಹಾಸಿ ಹಿಮ ಮುಚ್ಚಿ. ಮಾರನೆಯ ದಿನ ಒಡೆಯುವ ಕೆಲಸ ಅರ್ಧ ಆಗುತ್ತದೆ.

330 ಅನ್ನುವುದು ಗಾತ್ರದ ಹೆಸರು, ಅರ್ಹತೆಯ ಹೆಸರಲ್ಲ. 1997ರ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಬೀವರ್ ಕೊಲ್ಲುವ ಬೋನು ಪರೀಕ್ಷೆಯಲ್ಲಿ 300 ಸೆಕೆಂಡಿನೊಳಗೆ ಪ್ರಾಣಿಯ ಪ್ರಜ್ಞೆ ಮರಳಿಬಾರದಂತೆ ಹೋಗಿಸಬೇಕು. ಕೆನಡಾದ ಫರ್ ಇನ್‌ಸ್ಟಿಟ್ಯೂಟ್ ಪ್ರಮಾಣೀಕೃತ ಮಾದರಿಗಳ ಪಟ್ಟಿ ಇಟ್ಟಿದೆ. ನಿಮ್ಮ ಬೋನಿನ ಕಂಪನಿ, ಮಾದರಿ ಎರಡೂ ಅದರಲ್ಲಿದೆಯೇ ನೋಡಿ. ಪಟ್ಟಿಯಲ್ಲಿದ್ದರೂ ಸ್ಪ್ರಿಂಗ್ ಸೋತಿದ್ದರೆ ಅದನ್ನು ನೀರಿಗೆ ಇಳಿಸಬಾರದು.

ನೀರುನಾಯಿಯ ವಿಷಯದಲ್ಲಿ ಎರಡು ಕಟ್ಟುನಿಟ್ಟು. ಒಡ್ಡು ದಾಟುವ ಜಾಗದಲ್ಲಿ ಹೂಡಬೇಡಿ, ಅದು ನೀರುನಾಯಿಯ ಹೆದ್ದಾರಿ. ಟ್ರಿಗರ್ ತಂತಿಗಳನ್ನು ನಡುವಿನಿಂದ ಸರಿಸಿ ಒಂದು ಪಕ್ಕಕ್ಕೆ ಒತ್ತಿ, ದವಡೆಗೆ ಸಮನಾಗಿ ನಿಲ್ಲಿಸಿ. ಬೀವರ್ ಅಗಲ ಮೈಯದ್ದು, ತುಂಬಿಕೊಂಡು ನುಗ್ಗಿ ಟ್ರಿಗರ್ ತಾಗಿಸುತ್ತದೆ. ನೀರುನಾಯಿ ಉದ್ದಕ್ಕೆ ಸಪೂರ, ಖಾಲಿ ಜಾಗದಲ್ಲಿ ನುಸುಳಿ ಹೋಗುವ ಸಾಧ್ಯತೆ ಹೆಚ್ಚು.

ಬೋನು ಬಿಗಿಯಲು ಇಕ್ಕಳವೇ ಬೇಕು, ನೀರಿಗೆ ಇಳಿಸುವವರೆಗೂ ಎರಡು ಸ್ಪ್ರಿಂಗಿಗೂ ಕೊಕ್ಕೆ ಹಾಕಿರಬೇಕು. ಕೈ ಸಿಕ್ಕಿಬಿದ್ದರೆ ಒಂದೇ ಕೈಯಲ್ಲಿ ಬಿಡಿಸಿಕೊಳ್ಳಲು ಒಂದೂವರೆ ಮೀಟರ್ ಹಗ್ಗ ಜೇಬಿನಲ್ಲಿರಲಿ. ತುದಿಯ ಕುಣಿಕೆಗೆ ಕಾಲಿಟ್ಟು, ಹಗ್ಗವನ್ನು ಸ್ಪ್ರಿಂಗಿನ ಎರಡೂ ಕಣ್ಣಿಗೆ ಪೋಣಿಸಿ, ಎಳೆದು ಅದುಮುವುದು. ಮನೆಯಲ್ಲೇ ಅಭ್ಯಾಸ ಮಾಡಿ, ಎಡಗೈಯಲ್ಲೊಮ್ಮೆ ಬಲಗೈಯಲ್ಲೊಮ್ಮೆ.

ಉತ್ತರ 3: ಹರಿವು

ಏಪ್ರಿಲ್‌ಗೆ ಕಾಯುವುದರಲ್ಲಿ ತಪ್ಪೇನು ಅನ್ನುವುದು ನನ್ನ ಮಾತು. ಮಂಜುಗಡ್ಡೆ ಕರಗಿದರೆ ಕೆಲಸ ಸುಲಭ. ದಡದಲ್ಲಿ, ಬೀವರ್‌ಗಳು ಗಡಿಯ ಗುರುತಿಗೆ ಮಾಡುವಂಥ ವಾಸನೆಯ ಮಣ್ಣಗುಡ್ಡೆ ಮಾಡಿ ಬೋನು ಹೂಡಿದರೆ ಸಾಕು. ಆಗ ಸಿಗುವುದು ಹೆಚ್ಚಾಗಿ ತಾಯಿಗೂಡು ಬಿಟ್ಟು ಹೊರಟ 2 ವರ್ಷದವು. ಅವು ಹೋದರೆ ಹಳೆಯ ಸಂಸಾರಕ್ಕೆ ಪೆಟ್ಟಿಲ್ಲ. ಟೋಪಿ ಮಾಡುವವರು ಕೊಳ್ಳುತ್ತಾರೆ. ಅವರಿಗೆ ಬೇಕಾದದ್ದು ಫೆಲ್ಟ್ ಆಗುವ ಒಳತುಪ್ಪಳ, ಮೇಲ್ಗೂದಲನ್ನು ಅವರೇ ತೆಗೆದುಹಾಕುತ್ತಾರೆ.

ಉತ್ತರ 4: ತೊಗಲುಹಲಗೆ

2 ವರ್ಷದವುಗಳ ಮಾತು ಒಪ್ಪುತ್ತೇನೆ, ಟೋಪಿಯ ಮಾತೂ ನಿಜ. ಆದರೆ ಬೋನಿಗೆ ವಯಸ್ಸು ಗೊತ್ತಾಗುವುದಿಲ್ಲ. ವಾಸನೆಯ ಗುಡ್ಡೆಗೆ ಮೊದಲು ಬರುವುದು ಎಷ್ಟೋ ಸಲ ಆ ಕೆರೆಯ ಹಿರಿಯ ಜೋಡಿಯೇ, ತಮ್ಮ ಗಡಿಗೆ ಯಾರು ಬಂದರು ಎಂದು ನೋಡಲು. ಬೀವರ್ ಕೂಡುವುದು ಹೆಚ್ಚಾಗಿ ಫೆಬ್ರವರಿಯಲ್ಲಿ, ಗಬ್ಬ ಸುಮಾರು 105 ದಿನ, ಮರಿ ಹಾಕುವುದು ಮೇ ಕೊನೆ ಜೂನ್ ಮೊದಲಲ್ಲಿ. ಏಪ್ರಿಲ್ ಮಧ್ಯಕ್ಕೆ ಗಬ್ಬ ಅರ್ಧ ದಾಟಿರುತ್ತದೆ. ಆಗ ಒಂದು ಹಿರಿ ಹೆಣ್ಣು ಹೋದರೆ ಆ ಗೂಡಿನ ಮುಂದಿನ ವರ್ಷವೇ ಹೋಯಿತು.

ತುಪ್ಪಳದ ಲೆಕ್ಕವೂ ಅದೇ ಕಡೆಗೆ ತೂಗುತ್ತದೆ. ನೀರು ತೆರೆದ ಮೇಲೆ ಗಡಿಜಗಳ ಹೆಚ್ಚಿ ತೊಗಲ ಮೇಲೆ ಹಸಿ ಕಡಿತಗಳು ಬರುತ್ತವೆ, ಸೊಂಟದ ಮೇಲ್ಗೂದಲು ಸವೆಯುತ್ತದೆ. ನೀರು ಬೆಚ್ಚಗಾದಷ್ಟೂ ಬೋನಿನಲ್ಲಿ ಉಳಿದ ಪ್ರಾಣಿಯ ಹೊಟ್ಟೆ ಬೇಗ ಕೊಳೆಯುತ್ತದೆ. ಕಾನೂನಿನ ಸೀಸನ್ ತೆರೆದಿದೆ ಅನ್ನುವುದು ಅನುಮತಿ ಅಷ್ಟೇ. ರಸ್ತೆ ಮುಳುಗುತ್ತಿದೆ, ಕಲ್ವರ್ಟ್ ಕಟ್ಟಿಕೊಂಡಿದೆ ಅಂತ ಏಪ್ರಿಲ್‌ನಲ್ಲಿ ತೆಗೆಯಬೇಕಾಗಿ ಬಂದರೆ ಅದು ಬೇರೆ ಕೆಲಸ, ತುಪ್ಪಳದ ಕೆಲಸ ಅಲ್ಲ. ಪ್ರಶ್ನೆ ಕೇಳಿದವರಿಗೆ ನನ್ನ ಉತ್ತರ: ಮಾರ್ಚ್ ಕೊನೆಯೊಳಗೆ ಆದಷ್ಟು, ಆಮೇಲೆ ಎತ್ತಿಬಿಡಿ.

ಪ್ರಶ್ನಿಸಿದವರು: ಹಿಮಹಾದಿ

ಎರಡನೆಯದರಲ್ಲಿ ಮೋಟು ಇಲ್ಲ, ಸ್ಲೆಡ್ಡಿಗೆ ಅಂಟಿದ್ದೇ. ಮೂರನೆಯದರ ಒಳಮೈಯಲ್ಲಿ ಕಪ್ಪು ಚುಕ್ಕೆಗಳಿವೆ, ಪೊರೆ ಇಲ್ಲ. ಹಾಗಾದರೆ ಹೆರೆಯುವುದು, ಮೊಳೆ ಹೊಡೆಯುವುದು ಇವೆರಡನ್ನು ಇನ್ನೂ ಬಿಡಿಸಿ ಹೇಳಿ. ಕ್ಯಾಸ್ಟರ್ ಚೀಲಗಳನ್ನು (ಬಾಲದ ಬುಡದ ಹತ್ತಿರದ ವಾಸನೆಯ ಚೀಲಗಳು) ಹೇಗೆ ಇಡಬೇಕು ಎಂಬುದನ್ನೂ.

ಉತ್ತರ 5: ತೊಗಲುಹಲಗೆ

ಮೊದಲು ರಬ್ಬರ್ ಕೈಗವಸು. ಬೀವರ್‌ನಿಂದ ಟ್ಯುಲರೀಮಿಯಾ ಎಂಬ ಬ್ಯಾಕ್ಟೀರಿಯಾ ಸೋಂಕು ಬರಬಹುದು, ಬೆರಳಿನ ಸಣ್ಣ ಗೀರು ಸಾಕು.

ಸುಲಿಯುವ ಮೊದಲು ತಣ್ಣೀರಲ್ಲಿ ರಕ್ತ, ಕೆಸರು ತೊಳೆದು, ಒಣಗಿಸಿ, ಬಾಚಿ. ಇದು ಅಂದಕ್ಕಲ್ಲ. ತುಪ್ಪಳದಲ್ಲಿ ಒಂದು ಮುಳ್ಳುಕಾಯಿಯೋ ಕೆಸರಿನ ಗಂಟೋ ಉಳಿದರೆ, ಹೆರೆಯುವ ದಿಮ್ಮಿಯ ಮೇಲೆ ಚರ್ಮ ಅಲ್ಲಿ ಉಬ್ಬುತ್ತದೆ, ಕತ್ತಿ ಆ ಉಬ್ಬನ್ನು ಸವರಿಕೊಂಡು ಹೋಗಿ ತೂತು ಮಾಡುತ್ತದೆ. ಹೆಣ್ಣಿನ ಮೊಲೆತೊಟ್ಟುಗಳ ಹತ್ತಿರವೂ ಅದೇ ಅಪಾಯ, ಅಲ್ಲಿ ಕೈ ಹಗುರ ಮಾಡಿ.

ಪಾದಗಳನ್ನೂ ಬಾಲವನ್ನೂ ಕೂದಲ ಗೆರೆಯಲ್ಲಿ ಕತ್ತರಿಸಿ, ಕೆಳದುಟಿಯಿಂದ ಗುದದವರೆಗೆ ಹೊಟ್ಟೆಯ ನಡುವೆ ಒಂದೇ ನೇರ ಗೀಟು. ಗೀಟು ಓರೆಯಾದರೆ ಹಲಗೆಯ ಮೇಲೆ ಒಂದು ಮಗ್ಗುಲು ಯಾವತ್ತೂ ಕಡಿಮೆಯೇ. ಕೊಬ್ಬು ತಣ್ಣಗಿದ್ದಾಗ ಗಟ್ಟಿಯಾಗಿ ಹಾಳೆಯಂತೆ ಬರುತ್ತದೆ, ಬೆಚ್ಚಗಾದರೆ ಎಣ್ಣೆಯಾಗಿ ತುಪ್ಪಳಕ್ಕೆ ಇಳಿಯುತ್ತದೆ. ಬೆನ್ನಿಗೆ ಎರಡು ಹಿಡಿಯ ಕತ್ತಿಯ ಹರಿತ ಮಗ್ಗುಲು, ಹೊಟ್ಟೆಗೆ ಮೊಂಡು ಮಗ್ಗುಲು. ನಿಮ್ಮ ಕಪ್ಪು ಚುಕ್ಕೆಗಳಿಗೆ ಪರಿಹಾರ ಇದೇ.

ಹಲಗೆಯ ಮೇಲೆ ಕೂದಲು ಕೆಳಗೆ, ಚರ್ಮ ಮೇಲೆ. ಆಕಾರ ಮೊಟ್ಟೆಯದ್ದು, ಚಕ್ರದ್ದಲ್ಲ. ಉದ್ದಗಲ ಕೂಡಿಸಿದ್ದೇ ಅಳತೆ: 36 ಇಂಚು ಉದ್ದ, 29 ಅಗಲ ಆದರೆ 65, ಅಲ್ಲಿಂದ ಮೇಲೆ ಬ್ಲ್ಯಾಂಕೆಟ್, ಅಂದರೆ ದೊಡ್ಡ ಗಾತ್ರದ ದರ್ಜೆ. ಮೊದಲು ಹಲಗೆಯ ಮೇಲೆ ಸುಮ್ಮನೆ ಹರಡಿ, ಕೈಯಿಂದ ಸವರಿ ಸುಕ್ಕು ಹೋಗುವಷ್ಟು ಮಾತ್ರ ಬಿಡಿಸಿ ಅಳೆಯಿರಿ. ಆ ಅಳತೆಗೆ ಹತ್ತಿರದ ಗೆರೆಯನ್ನೇ ಹಿಡಿಯಿರಿ. ಮೂಗು, ಬಾಲದ ಬುಡ, ಎರಡು ಮಗ್ಗುಲಿಗೆ ನಾಲ್ಕು ಮೊಳೆ. ಆಮೇಲೆ ಅವುಗಳ ನಡುವೆ ಒಂದಿಂಚಿಗೊಂದರಂತೆ, ಎದುರುಬದುರಾಗಿ. ಒಂದೇ ಕಡೆಯಿಂದ ಸುತ್ತಿಕೊಂಡು ಬಂದರೆ ಕೊನೆಯಲ್ಲಿ ಎಳೆದು ಸರಿಮಾಡಬೇಕಾಗುತ್ತದೆ, ನಿಮ್ಮ ನಾಲ್ಕನೆಯದು ಹಾಗೆ ಆಗಿರಬಹುದು. ಕಾಲಿನ ತೂತುಗಳನ್ನು ಮುಚ್ಚಿ ಮೊಳೆ ಹೊಡೆಯಿರಿ. ಎಲ್ಲ ಆದ ಮೇಲೆ ತೊಗಲನ್ನು ಮೊಳೆಗಳ ಮೇಲೆ ಒಂದೆರಡು ಸೆಂಟಿಮೀಟರ್ ಮೇಲಕ್ಕೆ ಜಾರಿಸಿ, ಕೂದಲ ಕಡೆ ಗಾಳಿ ಆಡಲಿ. 13ರಿಂದ 18 ಡಿಗ್ರಿ, ಫ್ಯಾನು ಗೋಡೆಗೆ ಮುಖಮಾಡಿ, 4–5 ದಿನ. ಒಲೆಯ ಹತ್ತಿರ ಇಟ್ಟರೆ ಕೊಬ್ಬು ಸುಟ್ಟು ಚರ್ಮ ಗಾಜಿನಂತೆ ಸಿಡಿಯುತ್ತದೆ. ಜಿನುಗಿದ ಎಣ್ಣೆಯನ್ನು ದಿನಕ್ಕೊಮ್ಮೆ ಬಟ್ಟೆಯಲ್ಲಿ ಒರೆಸಿ. ನಾರ್ತ್ ಬೇ ಹರಾಜಿಗೆ ಕಳಿಸುವಾಗ ಸುರುಳಿ ಸುತ್ತಬೇಡಿ. ಚಪ್ಪಟೆಯಾಗಿ, ಕೂದಲಿಗೆ ಕೂದಲು, ಚರ್ಮಕ್ಕೆ ಚರ್ಮ ತಾಗಿಸಿ ಪೇರಿಸಿ.

ಕ್ಯಾಸ್ಟರ್ ಚೀಲ ಎರಡು, ಗಂಡು ಹೆಣ್ಣು ಎರಡರಲ್ಲೂ ಇರುತ್ತವೆ. ಸುಕ್ಕುಸುಕ್ಕಾಗಿ, ಪೇರ್ ಹಣ್ಣಿನ ಆಕಾರದಲ್ಲಿ. ಹಿಂದುಗಡೆ ನುಣುಪಾಗಿರುವ ಇನ್ನೆರಡು ಎಣ್ಣೆಚೀಲಗಳು, ಅವನ್ನು ಬೇರೆ ಮಾಡಿ. ಕ್ಯಾಸ್ಟರ್ ಜೋಡಿಯನ್ನು ಬಿಡಿಸದೆ, ಚುಚ್ಚದೆ, ನಡುವಿನ ನಾಳದಿಂದ ತಂತಿಯ ಮೇಲೆ ನೇತುಹಾಕಿ. ಗಾಳಿಯಾಡುವ ತಂಪು ಕೋಣೆಯಲ್ಲಿ ಕೆಲವು ವಾರ, ಹೊರಮೈ ಕಪ್ಪುಗಂದಾಗಿ ಗಟ್ಟಿಯಾಗುವವರೆಗೆ. ಪ್ಲಾಸ್ಟಿಕ್ ಚೀಲಕ್ಕೆ ಹಾಕಿದರೆ ಬೂಷ್ಟು ಹಿಡಿಯುತ್ತದೆ.

ಎಣ್ಣೆಚೀಲವನ್ನು ಎಸೆಯುವ ಮೊದಲು ಒಂದು ಹನಿ ಹಿಂಡಿ ನೋಡಿ. ಗಂಡಿನದು ಕಂದು, ಅಂಟಂಟು. ಹೆಣ್ಣಿನದು ತೆಳು, ಬಿಳಿಹಳದಿ. ಬೀವರ್‌ನಲ್ಲಿ ಹೊರಗಿನಿಂದ ಗಂಡು ಹೆಣ್ಣು ಗೊತ್ತಾಗುವುದಿಲ್ಲವಾದ್ದರಿಂದ ಇದೇ ಸುಲಭದ ಗುರುತು. ಯಾವ ಗೂಡು, ಯಾವ ದಿನ, ಗಂಡೋ ಹೆಣ್ಣೋ, ತೂಕ ಎಷ್ಟು, ಇಷ್ಟನ್ನು ಪುಸ್ತಕದಲ್ಲಿ ಬರೆದಿಡಿ. ಹಿರಿ ಹೆಣ್ಣು ಹೋದ ಗೂಡಿಗೆ ಮುಂದಿನ ಚಳಿಗಾಲ ಬೋನು ಬೇಡ.

ಉತ್ತರ 6: ಕೆರೆಯಂಚು

ಒಂದು ಸೇರಿಸುತ್ತೇನೆ. ಬೋನುಗಳನ್ನು 24 ಗಂಟೆಗೊಮ್ಮೆ ನೋಡಿ, ಹೆಚ್ಚೆಂದರೆ 48. ತಣ್ಣೀರಿನಲ್ಲಿ ತುಪ್ಪಳ ಕೆಡದಿದ್ದರೂ, ಒಂದು ಗೂಡಿನ ಎರಡನೆಯದು ಬಿದ್ದದ್ದು ನಿಮಗೆ ತಿಳಿಯುವ ಮೊದಲೇ ಮೂರನೆಯದು ಬಿದ್ದಿರುತ್ತದೆ. ಅದಕ್ಕೇ ಒಂದು ಗೂಡಿನ ನೀರಿಗೆ ಏಕಕಾಲಕ್ಕೆ ಎರಡಕ್ಕಿಂತ ಹೆಚ್ಚು ಬೋನು ಇಳಿಸಬೇಡಿ.